ಬಲಗಡೆ ಕೂರುವ ಮನೆ

ನಮ್ಮ ಮನೆಯಲ್ಲಿ ಉಣ್ಣಲು ಕೂತರೆ ಎಲ್ಲರೂ ಅಕ್ಕನ ಬಲಗಡೆ ಕೂರುತ್ತಿದ್ದೆವು. ಹಾಗೆ ಕೂರಿ ಅಂತ ಯಾರೂ ಹೇಳಿಕೊಟ್ಟದ್ದಲ್ಲ. ಅಕ್ಕ ಮೊದಲೇ ಹೋಗಿ ಎಡ ಮಗ್ಗುಲನ್ನು ಗೋಡೆಗೆ ಒತ್ತಿಕೊಂಡು ಕೂತುಬಿಡುತ್ತಿದ್ದಳು. ಆಮೇಲೆ ಬಂದವರಿಗೆ ಉಳಿಯುತ್ತಿದ್ದುದು ಬಲಗಡೆಯ ಜಾಗವೇ. ಉಮ್ಮತ್ತೂರಿನಲ್ಲಿ ನಮ್ಮದು ನಾಡಹೆಂಚಿನ ಮನೆ. ಮನೆ ಅಂದರೆ ಒಂದೇ ಉದ್ದನೆಯ ಕೋಣೆ. ಬಾಗಿಲ ಹತ್ತಿರ ಆಡು ಕಟ್ಟುತ್ತಿದ್ದೆವು, ನಡುವೆ ನಾವು ಮಲಗುತ್ತಿದ್ದೆವು, ಕೊನೆಯಲ್ಲಿ ಒಲೆ, ಒಲೆಯ ಪಕ್ಕ ರಾಗಿ ಬೀಸುವ ಕಲ್ಲು. ಅಪ್ಪನಿಗೆ ಕೆಮ್ಮು. ಅವ್ವ ಬೀಸಲು ಕೂತರೆ ಕಲ್ಲಿನ ಸದ್ದು, ಆಡಿನ ಅರಚಾಟ, ಅಪ್ಪನ ಕೆಮ್ಮು ಎಲ್ಲ ಒಂದರೊಳಗೊಂದು ಸೇರಿಕೊಂಡು ಬರುತ್ತಿದ್ದವು. ಅವ್ವ ನನ್ನನ್ನು ಕರೆದರೆ ಆ ಗದ್ದಲದೊಳಗಿಂದಲೇ ನನ್ನ ಹೆಸರನ್ನು ಹೆಕ್ಕಿಕೊಳ್ಳಬೇಕಿತ್ತು. ಅವ್ವ ಕೂಲಿಗೆ ಹೋಗುತ್ತಿದ್ದ ದೊಡ್ಡಮನೆಯಲ್ಲಿ ಹಾಗಿರಲಿಲ್ಲ. ಅಲ್ಲಿ ಬೀಸುವುದಕ್ಕೆ ಬೇರೆ ಕೋಣೆ, ದನಕ್ಕೆ ಬೇರೆ ಕೊಟ್ಟಿಗೆ, ದೇವರಿಗೂ ಬೇರೆ ಮನೆ. ಅಲ್ಲಿ ಯಾರಾದರೂ ಮಾತಾಡಿದರೆ ಆ ಮಾತೊಂದೇ ಕೇಳಿಸುತ್ತಿತ್ತು. ನನಗೆ ಅದರಿಂದ ಹೆದರಿಕೆಯಾಗುತ್ತಿತ್ತು. ನಮ್ಮ ಮನೆಯ ಗದ್ದಲ ನನಗೆ ಹೊಂದಿತ್ತು.

ಅಕ್ಕನ ಹೆಸರು ಸಿದ್ದಮ್ಮ. ನನಗಿಂತ ದೊಡ್ಡವಳು. ಅವಳ ಎಡಗಿವಿ ಹುಟ್ಟಿನಿಂದ ಹೋಗಿದ್ದಲ್ಲ. ಅವಳಿಗೆ ಮಂಗನಬಾವು ಬಂತು. ಎರಡೂ ಕೆನ್ನೆ ಊದಿಕೊಂಡು ಮುಖ ಕುಂಬಳಕಾಯಿಯಂತಾಯಿತು. ನಮ್ಮ ಕಡೆ, ಗಡಿಯಾಚೆ ತಮಿಳು ಸೀಮೆಯಲ್ಲೂ, ಆ ಬಾವು ಬರುವುದು ಚಿನ್ನ ಕೇಳಲಿಕ್ಕೆ ಅಂತಾರೆ. ಕೂಸಿನ ಕೊರಳಿಗೆ ಚಿನ್ನ ಹಾಕಿದರೆ ಬಾವು ಸಮಾಧಾನವಾಗಿ ಇಳಿದು ಹೋಗುತ್ತದೆ. ನಮ್ಮ ಮನೆಯಲ್ಲಿ ಚಿನ್ನ ಎಲ್ಲಿಂದ ಬರಬೇಕು. ಅವ್ವನ ತಾಳಿ ಅರಿಶಿನದ ದಾರದ್ದು. ಅವಳು ದೊಡ್ಡಮನೆಗೆ ಹೋಗಿ ಜಗಲಿ ಕೆಳಗೆ ನಿಂತು ಒಂದೆಳೆ ಸರ ಬೇಡಿಕೊಂಡು ತಂದಳು. ಅದನ್ನು ಅಕ್ಕನ ಕೊರಳಿಗೆ ಹಾಕಿ, ಮೇಲೆ ಹಳೆಯ ಸೀರೆಯ ತುಂಡು ಸುತ್ತಿದರು, ಬೇರೆಯವರ ಕಣ್ಣಿಗೆ ಬೀಳದ ಹಾಗೆ. ಸರ ಮನೆಯಲ್ಲಿ ಇರುವಷ್ಟು ದಿನ ಅಪ್ಪ ಕೂಲಿಗೆ ಹೋಗಲಿಲ್ಲ, ಬಾಗಿಲಲ್ಲಿ ಕೂತಿದ್ದ. ಅವ್ವ ಗಳಿಗೆಗೊಮ್ಮೆ ಬಂದು ಸೀರೆ ತುಂಡು ಸರಿಸಿ ಸರ ಇದೆಯಾ ಅಂತ ನೋಡುತ್ತಿದ್ದಳು. ಅಕ್ಕ ಕಿವಿಯೊಳಗೆ ಜೀರುಂಡೆ ಕೂಗುತ್ತಿದೆ ಅಂದಳು. ತಲೆ ತಿರುಗುತ್ತದೆ ಅಂದಳು. ಬಾವು ಇಳಿಯುತ್ತಿದೆ, ಅದಕ್ಕೇ ಹಾಗೆ ಅಂದರು. ಎಲ್ಲರೂ ಸರ ನೋಡಿದರು. ಕೂಸನ್ನು ಯಾರೂ ನೋಡಲಿಲ್ಲ. ಬಾವು ಇಳಿಯಿತು, ಸರ ವಾಪಸು ಹೋಯಿತು, ಚಿನ್ನ ಕೆಲಸ ಮಾಡಿತು ಅಂತ ಊರೆಲ್ಲ ಮಾತಾಯಿತು. ಸ್ವಲ್ಪ ದಿನ ಕಳೆದ ಮೇಲೆ ಅವ್ವ ಅಕ್ಕನ ಎಡಗಡೆ ಕೂತು ತಲೆ ಬಾಚುತ್ತ ಏನೋ ಕೇಳಿದಳು. ಅಕ್ಕ ಉತ್ತರ ಕೊಡಲಿಲ್ಲ. ಅವ್ವ ಅವಳ ಬಲಗಿವಿಯನ್ನು ಅಂಗೈಯಿಂದ ಮುಚ್ಚಿ ಇನ್ನೊಮ್ಮೆ ಕೇಳಿದಳು. ಆಗಲೂ ಇಲ್ಲ. ಅವ್ವ ಬಾಚಣಿಗೆ ಕೆಳಗಿಟ್ಟಳು, ಮತ್ತೆ ತಗೊಂಡಳು, ಜಡೆ ಪೂರ್ತಿ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು.

"ಒರಗಡೆ ಯಾರ್ಗೂ ಅನ್ಬ್ಯಾಡ ಕಣಮ್ಮಿ. ಎಣ್ ಕೂಸು."

ಅಷ್ಟೇ. ಅಳಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಅವತ್ತಿನಿಂದ ಅಕ್ಕನ ಎಡಗಡೆ ಇರುವುದು ನನ್ನ ಕೆಲಸವಾಯಿತು. ಉಣ್ಣುವಾಗ ಅಲ್ಲಿ ಗೋಡೆ, ಬೀದಿಯಲ್ಲಿ ಅಲ್ಲಿ ನಾನು. ನೀರಿಗೆ ಹೋದರೆ, ಕಳೆ ಕೀಳಲು ಹೋದರೆ, ಯಾರಾದರೂ ಆ ಕಡೆಯಿಂದ ಕೂಗಿದರೆ ಅವಳು ತಿರುಗುವ ಮುಂಚೆ ನಾನೇ ಉತ್ತರ ಕೊಡಬೇಕು. ಹಂಗಾಗಿ ನನ್ನ ಗಂಟಲು ದೊಡ್ಡದಾಯಿತು. ಈಗಲೂ ನಾನು ಸುಮ್ಮನೆ ಮಾತಾಡಿದರೂ ಜಗಳ ಆಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದೂ ಇದಕ್ಕೇ. ಅಕ್ಕ ಕೂಲಿಗೆ ಹೊರಟಳು, ಜತೆಗೆ ನಾನೂ ಹೊರಟೆ. ಮನೆಯಲ್ಲಿ ಅಪ್ಪ ಅವ್ವ ಜಗಳಕ್ಕೆ ಬಿದ್ದರೆ ಅಕ್ಕ ಬಲಗಿವಿಯನ್ನು ದಿಂಬಿಗೆ ಒತ್ತಿಕೊಂಡು ಮಲಗಿಬಿಡುತ್ತಿದ್ದಳು. ಅವಳಿಗೆ ಜಗಳ ಮುಗಿಯಿತು. ನಾನು ಎರಡು ಕಿವಿಯಿಂದ ಕೇಳಿಸಿಕೊಳ್ಳುತ್ತಿದ್ದೆ. ಆಗ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು ಅಂದರೆ ನಂಬಬೇಕು.

ಅಕ್ಕನನ್ನು ನೋಡಲು ಸಂತೆಮರಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಅವರು ಬಸ್ಸಿಳಿದು ನಡೆದು ಬರುವ ಮುಂಚೆಯೇ ಅವ್ವ ಚಾಪೆ ಹಾಸುವ ಜಾಗ ಬದಲಾಯಿಸಿದಳು. ಒಲೆಯ ಕಡೆ ಅಕ್ಕ, ಅವಳ ಬಲಕ್ಕೆ ಬಾಗಿಲ ತನಕ ಬಂದವರು. ಆಡನ್ನು ಪಕ್ಕದ ಮನೆಗೆ ಕಟ್ಟಿದರು, ಅದು ಅರಚಿ ಮಾತು ಕೇಳದೆ ಹೋದೀತು ಅಂತ. ಅಪ್ಪ ಕೆಮ್ಮು ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಅವರು ಹೆಸರೇನು ಅಂದರು, ಅಕ್ಕ ಹೇಳಿದಳು. ಮುದ್ದೆ ಕಟ್ಟಲು ಬರುತ್ತದಾ ಅಂದರು, ಬರುತ್ತದೆ ಅಂದಳು. ಉಪ್ಪೆಸರು, ಹುರಳಿಕಾಳು, ಮುದ್ದೆ ಬಡಿಸಿದಳು. ಅತ್ತೆಯಾಗುವವಳು ಒಳ್ಳೆ ಕಿವಿಯ ಕಡೆ ಕೂತಿದ್ದಳು. ಒಪ್ಪಿಕೊಂಡು ಹೋದರು. ಅವರು ಹೋದ ಮೇಲೆ ಅಪ್ಪ ಅವ್ವನಿಗೆ, ಮುಂದೆ ಗೊತ್ತಾದರೆ ಏನು ಮಾಡುತ್ತೀ ಅಂತ ಕೇಳಿದ. ಮುಂದಿನದು ಮುಂದೆ ಅಂದಳು.

ಮುಂದೆ ಏನಾಯಿತು ಅಂದರೆ ಏನೂ ಆಗಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ. ಅತ್ತೆ ಎಡಗಡೆಯಿಂದ ಕೂಗಿದರೆ ಅಕ್ಕ ತಿರುಗುತ್ತಿರಲಿಲ್ಲ. ಗಂಡ ಹಿಂದಿನಿಂದ ಕರೆದರೆ ಅವನು ಯಾವ ಕಡೆ ಇದ್ದಾನೆ ಅಂತ ತಿಳಿಯದೆ ನಿಂತಲ್ಲೇ ನಿಲ್ಲುತ್ತಿದ್ದಳು. ಅವರು ಅದಕ್ಕೆ ಸೊಕ್ಕು ಅಂತ ಹೆಸರಿಟ್ಟರು. ಉಮ್ಮತ್ತೂರಿನವಳಿಗೆ ಕರೆದರೆ ತಿರುಗುವಷ್ಟೂ ಮರ್ಯಾದೆ ಇಲ್ಲ ಅಂತ ಸಂತೆಯಲ್ಲೂ ಆಡಿಕೊಂಡರು. ನಾನು ಒಂದು ಸಲ ಅವಳ ಮನೆಗೆ ಹೋಗಿದ್ದಾಗ ಅವಳ ತೋಳಿನ ಮೇಲೆ ಬಾಸುಂಡೆ ಕಂಡೆ. ಕಿವಿ ಕೇಳಲ್ಲ ಅಂತ ಹೇಳಿಬಿಡು, ನಾನೇ ಹೇಳಲಾ ಅಂದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಕೆಪ್ಪಿ ಅಂತ ಗೊತ್ತಾದ್ರೆ ನನ್ನ ಬುಟ್ಟು ಇನ್ನೊಬ್ಬಳ ತತ್ತರೆ. ಸೊಕ್ಕಿನೋಳು ಅಂದ್ರೆ ಒಡೀತರೆ, ಅಷ್ಟೇಯ. ಸುಮ್ನಿರು."

ಅವಳ ಲೆಕ್ಕ ಸರಿ ಇತ್ತು. ಬಿಡಲಿಲ್ಲ. ಅಲ್ಲೇ ಮಕ್ಕಳು ಹೆತ್ತಳು, ಸೊಸೆ ತಂದಳು, ಮುದುಕಿಯಾದಳು, ಅಲ್ಲೇ ಸತ್ತಳು. ಹೆಣದ ಮುಂದೆ ಕೂತಿದ್ದ ಹೆಂಗಸರು, ಸೊಕ್ಕಿದ್ದರೂ ಗೆಯ್ಮೆಗಾರ್ತಿ ಅಂತ ಅಂದರು. ನಾನು ಸುಮ್ಮನಿದ್ದೆ. ಅವಳು ಸುಮ್ಮನಿರು ಅಂದಿದ್ದಳು, ಇದ್ದೆ.

ಈಗ ನಾನು ಗುಂಡ್ಲುಪೇಟೆಯಲ್ಲಿ ಮಗಳು ಮಂಜುಳಳ ಮನೆಯಲ್ಲಿದ್ದೇನೆ. ಅಳಿಯ ಮಹೇಶ ಸಣ್ಣ ಈರುಳ್ಳಿ, ಕೋಸು, ಬೀಟ್‌ರೂಟು ಕೊಂಡು ಲಾರಿಗೆ ತುಂಬಿಸಿ ಕೇರಳಕ್ಕೆ ಕಳಿಸುವ ವ್ಯಾಪಾರ ಮಾಡುತ್ತಾನೆ. ಒಬ್ಬಳೇ ಮಗಳು, ಸಿಂಚನ. ಡಿಗ್ರಿ ಓದುತ್ತಾಳೆ. ಅವಳ ಓದಿಗೆ ಅಂತ ಮಹೇಶ ಕಂಪ್ಯೂಟರ್ ತಂದ. ಓದಿನ ಜತೆಗೆ ಆಟವೂ ಬಂತು. ಆಟ ಅಂದರೆ ಬಂದೂಕಿನದು. ಕಾಲೇಜಿನ ನಾಲ್ಕು ಹುಡುಗಿಯರ ತಂಡ, ಒಬ್ಬೊಬ್ಬರು ಅವರವರ ಮನೆಯಲ್ಲೇ ಕೂತು ಒಟ್ಟಿಗೆ ಆಡುತ್ತಾರೆ. ತಂಡಕ್ಕೆ ದೊಡ್ಡವಳು ಕೇರಳದ ಬತ್ತೇರಿ ಕಡೆಯ ಹುಡುಗಿ, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಬೈಯುತ್ತಾಳಂತೆ. ಮೈಸೂರಿನಲ್ಲಿ ಕಾಲೇಜುಗಳ ನಡುವೆ ಪಂದ್ಯ ಇದೆ, ಅದಕ್ಕೆ ಹೋಗಬೇಕು ಅಂತ ಸಿಂಚನ ಊಟ ನಿದ್ದೆ ಮರೆತು ಕೂತಿದ್ದಳು. ಆದರೆ ತಂಡದವರು ಅವಳನ್ನು ಬಿಟ್ಟು ಬೇರೆಯವಳನ್ನು ಸೇರಿಸಿಕೊಳ್ಳುವ ಮಾತಾಡುತ್ತಿದ್ದರು. ಇವಳು ಯಾವಾಗಲೂ ಎಡಗಡೆಯಿಂದ ಗುಂಡು ತಿಂದು ಸಾಯುತ್ತಾಳೆ, ಹೆಜ್ಜೆ ಸಪ್ಪಳ ಕೇಳಿಸಿಕೊಳ್ಳುವುದಿಲ್ಲ, ಆಟದ ಮೇಲೆ ಗಮನವೇ ಇಲ್ಲ ಅನ್ನುವುದು ಅವರ ದೂರು. ಸಿಂಚನ ಅಪ್ಪನ ಹತ್ತಿರ ಹೋಗಿ, ತಪ್ಪು ನನ್ನದಲ್ಲ, ಕಂಪ್ಯೂಟರಿನದು, ಬೋರ್ಡಿನ ಸೌಂಡು ಸರಿ ಇಲ್ಲ, ಬೇರೆ ಸೌಂಡ್ ಕಾರ್ಡು ಹಾಕಿಸು ಅಂದಳು.

ಹಬ್ಬದ ಸೀರೆ ತರಲು ಪೇಟೆಗೆ ಹೋಗಿದ್ದ ದಿನ ಮಹೇಶ ನಮ್ಮನ್ನೆಲ್ಲ ಕಂಪ್ಯೂಟರ್ ಅಂಗಡಿಗೂ ಕರೆದುಕೊಂಡು ಹೋದ. ಅಂಗಡಿಯ ಶಿವಣ್ಣ ವಯಸ್ಸಾದ ಮನುಷ್ಯ, ಮಾರುವುದಕ್ಕಿಂತ ಬೇಡ ಅನ್ನುವುದೇ ಜಾಸ್ತಿ. ನನಗೆ ಸ್ಟೂಲು ಹಾಕಿ ಕೂರಿಸಿದ. ಒಂದು ಹಾಳಾದ ಮದರ್‌ಬೋರ್ಡು ತಂದು ಮೇಜಿನ ಮೇಲಿಟ್ಟು ಮಹೇಶನಿಗೆ ತೋರಿಸಿದ. ಹಸಿರು ಹಲಗೆಯ ಮೇಲೆ ಊರಿನ ಮನೆಗಳ ಹಾಗೆ ಒತ್ತೊತ್ತಾಗಿ ಏನೇನೋ ಇದ್ದವು. ಮೂಲೆಯಲ್ಲಿ ಉಗುರಿನಷ್ಟು ಒಂದು ಕರಿ ಚಿಪ್ಪು. ಶಬ್ದದ ಕೆಲಸವೆಲ್ಲ ಇದರದೇ, ಬೋರ್ಡಿನ ಜತೆಗೇ ಬರುತ್ತದೆ ಅಂದ. ಸೌಂಡ್ ಕಾರ್ಡು ಅಂದರೆ ಇದೇ ಕೆಲಸಕ್ಕೆ ಬೇರೆ ಹಲಗೆ, ಬೇರೆ ಚಿಪ್ಪು. ಮೊದಲೆಲ್ಲ ಬೋರ್ಡಿನ ಸೌಂಡು ಹಾಳಿತ್ತು, ಆಗ ಕಾರ್ಡು ಬೇಕೇ ಬೇಕಿತ್ತು. ಈಗಿನ ಬೋರ್ಡಿನದು ಆಟಕ್ಕೆ ಧಾರಾಳ ಸಾಕು. ಎಲ್ಲ ಒಂದೇ ಹಲಗೆಯ ಮೇಲೆ ಇರುವುದರಿಂದ ಪಕ್ಕದವುಗಳ ಕರೆಂಟಿನ ಗುಂಯ್‌ಗುಡುವಿಕೆ ಕೆಲವು ಸಲ ಶಬ್ದದೊಳಗೆ ಸೇರಿಕೊಳ್ಳುತ್ತದೆ. ಹಾಗಿದ್ದರೆ ಹೆಡ್‌ಫೋನನ್ನು ಮುಂದಿನ ತೂತಿನಿಂದ ತೆಗೆದು ಹಿಂದಿನ ತೂತಿಗೆ ಚುಚ್ಚಿ ನೋಡಿ, ಅದಕ್ಕೂ ಹೋಗದಿದ್ದರೆ ಕಾರ್ಡು. ಇಲ್ಲವೇ ಹಾಡು ರೆಕಾರ್ಡು ಮಾಡುವವರು ಹಾಕುವ ಭಾರಿ ಹೆಡ್‌ಫೋನು ಇದ್ದರೆ ಅದಕ್ಕೆ ಜೋರು ಸಾಲದೆ ಕಾರ್ಡು ಬೇಕಾಗಬಹುದು. ಅವನು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಒಂದೇ ಕೋಣೆಯಲ್ಲಿ ಆಡು, ಬೀಸುವ ಕಲ್ಲು, ಕೆಮ್ಮು. ಅದರಲ್ಲೂ ಹೆಸರು ಕೂಗಿದರೆ ಕೇಳುತ್ತಿತ್ತು.

ಮಹೇಶನಿಗೆ ಅರ್ಥವಾಗಲಿಲ್ಲ. ಅವನ ವ್ಯಾಪಾರದಲ್ಲಿ ಒಂದು ಮಾಲಿನ ಜತೆ ಸುಮ್ಮನೆ ಬಂದದ್ದು ಕೊಳೆತದ್ದೇ ಆಗಿರುತ್ತದೆ. ಬೋರ್ಡಿನ ಜತೆ ಬಿಟ್ಟಿ ಬಂದ ಚಿಪ್ಪು ಒಳ್ಳೆಯದು ಹೇಗಾದೀತು ಅಂತ ಅವನ ವಾದ. ಶಿವಣ್ಣ ನಕ್ಕ. ಹೆಜ್ಜೆ ಎಡಗಡೆಯದೋ ಬಲಗಡೆಯದೋ ಅಂತ ಲೆಕ್ಕ ಹಾಕುವುದು ಆಟ, ಚಿಪ್ಪು ಅದನ್ನು ಕಿವಿಗೆ ಮುಟ್ಟಿಸುತ್ತದೆ ಅಷ್ಟೇ, ಕಾರ್ಡು ಹಾಕಿದರೆ ಇಲ್ಲದ ಹೆಜ್ಜೆ ಹುಟ್ಟುವುದಿಲ್ಲ ಅಂದ. ಆಮೇಲೆ ಸಿಂಚನಳ ಕಡೆ ತಿರುಗಿದ.

"ಹೆಡ್‌ಫೋನ್ ಉಲ್ಟಾ ಹಾಕ್ಕೊಂಡು ನೋಡಿದ್ಯೇನಮ್ಮ? ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ?"

"ನೋಡ್ದೆ ಅಂಕಲ್."

"ಕೇಳದೆ ಇರೋ ಕಡೆ ಬದಲಾಯ್ತಾ?"

"ಬದಲಾಯ್ತು," ಅಂದಳು ಸಿಂಚನ. ಬೇರೆ ಹೆಡ್‌ಫೋನು ಹಾಕಿದರೂ ಹಾಗೇ ಅಂತ ಕೇಳದಿದ್ದರೂ ಸೇರಿಸಿದಳು.

ಹಾಗಿದ್ದರೆ ತೊಂದರೆ ಮಿಷನ್ನಿನದೇ ಅಂದ ಶಿವಣ್ಣ. ಆ ಚಿಪ್ಪಿನ ಒಂದು ಕಡೆ ಹೋಗಿರಬಹುದು, ಕಾರ್ಡು ಹಾಕಿಬಿಡೋಣ. ಉಲ್ಟಾ ಹಾಕಿಕೊಂಡರೂ ಅದೇ ಕಡೆ ಕೇಳದೆ ಹೋಗಿದ್ದರೆ ಆಗ ಬೇರೆ ಮಾತು ಅಂದ. ಬೇರೆ ಮಾತು ಏನು ಅಂತ ಯಾರೂ ಕೇಳಲಿಲ್ಲ. ಮಹೇಶ ಮೊದಲೇ ಹೇಳಿದೆನಲ್ಲ ಅನ್ನುವ ಹಾಗೆ ನನ್ನನ್ನು ನೋಡಿದ.

ಕಾರ್ಡು ಬಂತು. ಶಿವಣ್ಣನೇ ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ಕೂರಿಸಿದ. ಶಬ್ದ ಸೋಸಿದ ಹಾಗೆ ಆಗಿದೆ, ಗುಂಯ್ ಅನ್ನುವುದು ನಿಂತಿದೆ ಅಂತ ಸಿಂಚನ ಎಲ್ಲರಿಗೂ ಹೇಳಿದಳು. ಮಹೇಶ ಹೆಡ್‌ಫೋನು ಹಾಕಿಕೊಂಡು ನೋಡಿ, ಎರಡು ಕಡೆಯೂ ಬರುತ್ತಿದೆ, ಎಷ್ಟು ವ್ಯತ್ಯಾಸ ಅಂತ ತಲೆಯಾಡಿಸಿದ. ನನಗೂ ಹಾಕಿದರು. ಬಲದಲ್ಲಿ ಯಾರೋ ಎಲೆ ತುಳಿದರು, ಎಡದಲ್ಲಿ ಯಾರೋ ಕಬ್ಬಿಣದ ಬಾಗಿಲು ತೆಗೆದರು. ನನ್ನ ಕಿವಿ ಈ ವಯಸ್ಸಿಗೂ ನೆಟ್ಟಗಿದೆ. ತೆಗೆದು ಕೊಟ್ಟೆ. ಭಾನುವಾರ ಮಧ್ಯಾಹ್ನ ಅವಳು ಆಡುತ್ತಿದ್ದಳು, ನಾನು ಅದೇ ಕೋಣೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಅವಳು ಸತ್ತಳು. ಮತ್ತೆ ಶುರುಮಾಡಿದಳು, ಮತ್ತೆ ಸತ್ತಳು. ಸಾರಿ, ಸಾರಿ, ನೋಡಲಿಲ್ಲ ಅಂತ ಮೈಕಿಗೆ ಹೇಳಿದಳು. ಹೊಸ ಕಾರ್ಡು ಸೆಟ್ಟಿಂಗ್ ಆಗಬೇಕು ಅಂದಳು. ಆಮೇಲೆ ನೆಟ್ಟು ಸ್ಲೋ ಅಂದಳು. ಯಂತ್ರದಲ್ಲಿ ಬಯ್ಯಲು ಎಷ್ಟು ಜಾಗ ಇದೆಯೋ ಅಷ್ಟನ್ನೂ ಬೈದಳು.

ಮಂಜುಳ ಊಟಕ್ಕೆ ಕರೆದಳು. ಈ ಮನೆಯಲ್ಲೂ ನೆಲದ ಮೇಲೇ ಉಣ್ಣುವುದು, ಟೀವಿ ಮುಂದೆ. ಮಹೇಶ ಮಂಡಿಗೆ ಹೋಗಿದ್ದ. ಸಿಂಚನ ಬಂದು ಕೂತಳು. ಟೀವಿಯಲ್ಲಿ ಏನೋ ಬರುತ್ತಿತ್ತು, ನಾನು ಅದನ್ನು ನೋಡುತ್ತ ತಟ್ಟೆ ಹಿಡಿದುಕೊಂಡು ಅವಳ ಎಡಗಡೆ ಕೂರಲು ಹೋದೆ. ಅಲ್ಲಿ ಗೋಡೆ ಇತ್ತು. ಸುತ್ತಿ ಬಂದು ಬಲಗಡೆ ಕೂತೆ. ತುತ್ತು ಮುರಿದೆ, ನುಂಗಲಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ಅವಳು ಅಲ್ಲೇ ಕೂರುವುದು. ನೋಡುತ್ತಲೇ ಇದ್ದೆ, ನೋಡಿರಲಿಲ್ಲ.

ಮಂಜುಳ ನೀರು ತರಲು ಒಳಗೆ ಹೋದಾಗ ಕೇಳಿದೆ.

"ಎಡಗಿವಿ ಕೇಳಲ್ವೇನಮ್ಮಿ ನಿಂಗೆ?"

ಅವಳು ಮುದ್ದೆಯನ್ನು ಸಾರಿಗೆ ಅದ್ದಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಯಾರ್ ಹೇಳಿದ್ರು?"

"ಯಾರೂ ಇಲ್ಲ. ನೀ ಕೂತಿರದ ಕಂಡೆ. ಅಂಗಡೀಲಿ ಬದಲಾಯ್ತು ಅಂದ್ಯಲ್ಲ, ದಿಟವಾ?"

"ಇಲ್ಲಜ್ಜಿ. ಉಲ್ಟಾ ಹಾಕ್ಕೊಂಡ್ರೂ ಎಡಗಡೇನೇ ಕೇಳಲ್ಲ. ಮೊದ್ಲೇ ಗೊತ್ತಿತ್ತು." ತುತ್ತನ್ನು ತಟ್ಟೆಗೇ ಬಿಟ್ಟು ಅಂದಳು, "ಬೋರ್ಡ್ ಹೋಗಿದೆ ಅಂದ್ರೆ ಬೇರೆ ಹಾಕಿಸ್ಬೋದು. ಅದ್ಕೇ ಬೋರ್ಡೇ ಹೋಗಿರ್ಲಿ ಅಂದ್ಕೊಂಡೆ."

ಯಾವಾಗಿನಿಂದ ಅಂದೆ. ಅವಳಿಗೇ ಸರಿಯಾಗಿ ತಿಳಿಯದು. ಚಿಕ್ಕಂದಿನಿಂದ ಹೀಗೇ ಇರಬೇಕು, ಎಲ್ಲರಿಗೂ ಹೀಗೇ ಕೇಳುತ್ತದೆ ಅಂದುಕೊಂಡಿದ್ದಳಂತೆ. ಕಂಪ್ಯೂಟರಿಗೆ ಹೆಡ್‌ಫೋನು ಹಾಕಿ ಆಡಲು ಕೂತ ಮೇಲೆ, ಎಡಗಡೆಯೂ ಒಂದು ಸದ್ದು ಇರುತ್ತದೆ, ಬೇರೆಯವರು ಅದನ್ನು ಕೇಳಿಸಿಕೊಂಡು ತಿರುಗುತ್ತಾರೆ ಅಂತ ಗೊತ್ತಾಯಿತಂತೆ. ಯಾವಾಗಿನಿಂದ ಅನ್ನುವುದು ನನಗೆ ಗೊತ್ತಿತ್ತು. ಸ್ಕೂಲಿಗೆ ಹೋಗುತ್ತಿದ್ದಾಗ ಅವಳಿಗೂ ಮಂಗನಬಾವು ಬಂದಿತ್ತು. ಆಗ ನಾನು ಊರಿನಲ್ಲಿದ್ದೆ. ಮಂಜುಳ ತನ್ನ ಎರಡೆಳೆಯ ಸರವನ್ನೇ ಮಗಳ ಕೊರಳಿಗೆ ಹಾಕಿ, ಊದಿದ ಮುಖದ ಫೋಟೋ ತೆಗೆದು ಎಲ್ಲರ ಫೋನಿಗೂ ಕಳಿಸಿದ್ದಳು. ಪಕ್ಕದ ಮನೆಯ ಹುಡುಗ ನನಗೆ ತೋರಿಸಿದ. ಈ ಸಲ ಬೇಡಿ ತಂದ ಸರ ಅಲ್ಲ, ಸ್ವಂತದ್ದು. ಪದಕ ಇತ್ತು. ಬಾವು ಹಾಗೇ ಇಳಿಯಿತು, ಕಿವಿ ಹಾಗೇ ಹೋಯಿತು.

ಮಂಜುಳ ಚೊಂಬು ಹಿಡಿದು ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ, ಅಷ್ಟು ಸಾಕಾಗಿತ್ತು. ಮಗಳ ಕಿವಿ ಹಿಡಿದು ಒಳಗೆ ಬಗ್ಗಿ ನೋಡಿದಳು, ಗುಗ್ಗೆ ಇರಬಹುದು ಅಂದಳು, ಎಣ್ಣೆ ಬಿಡೋಣ ಅಂದಳು. ಎಣ್ಣೆ ಬೇಡ ಅಂದೆ. ಡಾಕ್ಟರಿಗೆ ತೋರಿಸೋಣ ಅಂದಳು. ತೋರಿಸು ಅಂದೆ. ಆಮೇಲೆ ಅವಳು ಟೀವಿ ಆರಿಸಿ, ಬಾಗಿಲು ಹಾಕಿ, ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಕಾಲೇಜಲ್ಲಿ ಯಾರಿಗೂ ಹೇಳಿಲ್ಲ ತಾನೆ? ಹೇಳ್ಬೇಡ. ನಾಳೆ ಗಂಡು ಹುಡುಕೋರು ನಾವು. ಒಂದ್ ಕಿವಿ ಕೇಳುತ್ತಲ್ಲ, ಸಾಕು. ಯಾರಿಗೆ ಗೊತ್ತಾಗುತ್ತೆ."

ಅವ್ವ ಸತ್ತು ಎಷ್ಟೋ ಕಾಲವಾಗಿದೆ. ಮಂಜುಳ ಅವಳ ಜತೆ ಇದ್ದದ್ದೂ ಕಡಿಮೆ. ಆ ಮಾತು ಯಾರಿಂದ ಕಲಿತಳೋ. ಇಂಥ ಮಾತು ಕಲಿಸಬೇಕಾಗಿಲ್ಲವೇನೋ. ನಾನು ಕೈ ತೊಳೆದುಕೊಂಡು ಬಂದು ಅಕ್ಕನ ವಿಷಯ ಹೇಳಿದೆ. ಸರ, ಚಾಪೆ, ಬಾಸುಂಡೆ, ಎಲ್ಲ. ಸುಮ್ಮನಿರು ಅಂದವಳು ಹೋಗಿಯಾಗಿತ್ತು. ಹೇಳುವಾಗ ನನಗೆ ಏನೂ ಅನ್ನಿಸಲಿಲ್ಲ, ಸಂತೆಯಿಂದ ಬಂದು ಏನೇನು ತಂದೆ ಅಂತ ಹೇಳಿದ ಹಾಗಿತ್ತು. ಮಂಜುಳ ನನ್ನ ಕಡೆ ತಿರುಗಿ ಕೂತಳು.

"ದೊಡ್ಡವ್ವಂಗೆ ಕಿವಿ ಕೇಳ್ತಿರ್ಲಿಲ್ವಾ? ನಾನು ಚಿಕ್ಕವ್ಳಿದ್ದಾಗ ಅವ್ರ ಮನೇಗೋಗಿ ದೊಡ್ಡವ್ವಾ ಅಂತ ಎಷ್ಟು ಸಲ ಕೂಗ್ದೆ. ತಿರುಗ್ಲೇ ಇಲ್ಲ. ಆವತ್ತಿಂದ ನಾ ಅವಳನ್ನ ಮಾತಾಡಿಸ್ಲೇ ಇಲ್ಲ. ಸಾವಿಗೂ ಮನಸ್ಸಿಲ್ದೆ ಬಂದೆ."

"ಊ ಕನ. ಬದುಕಿರೋಗಂಟ ಎಲ್ರೂ ಅವಳ್ನ ಅಂಗೇ ಬುಟ್ರು. ಗಂಡ ಬುಡ್ಲಿಲ್ಲ, ಮಿಕ್ಕೋರೆಲ್ಲ ಬುಟ್ರು. ಈಗ ಈ ಕೂಸಿಗೆ ಗಮನ ಇಲ್ಲ ಅಂತಾವ್ರೆ. ಅದೇ ಸೊಕ್ಕು. ಕರೆಯೋ ಎಸರು ಬೇರೆ."

ಮಂಜುಳ ನನ್ನ ಮೇಲೆ ಸಿಟ್ಟು ಮಾಡಿಕೊಂಡಳು. ಆ ಕಾಲ ಬೇರೆ, ಈ ಕಾಲ ಬೇರೆ ಅಂದಳು. ಕಾಲ ಬೇರೆಯಾದರೆ ಮುಚ್ಚಿಡುವುದು ಯಾಕೆ ಅಂದೆ. ಹೆತ್ತವಳಿಗೆ ಮಾತ್ರ ಗೊತ್ತು ಅಂದಳು. ನಿನ್ನನ್ನು ಹೆತ್ತವಳು ನಾನೇ ಅಂದೆ. ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಸದ್ದು ಮಾಡುತ್ತ ತೊಳೆದಳು. ಸಿಂಚನ ಬಲಗಿವಿಗೆ ಕೈ ಇಟ್ಟುಕೊಂಡು ಕೂತಿದ್ದಳು. ಈ ಹುಡುಗಿಗೂ ಜಗಳದಿಂದ ಹೊರಗೆ ಹೋಗುವ ದಾರಿ ಗೊತ್ತಿದೆ ಅಂದುಕೊಂಡೆ.

ಮೈಸೂರಿನ ಕಿವಿ ಡಾಕ್ಟರು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಅವಳನ್ನು ಕೂರಿಸಿ ಪರೀಕ್ಷೆ ಮಾಡಿದರು. ಅಲ್ಲೂ ಹೆಡ್‌ಫೋನೇ. ಆ ಬಾವಿನಿಂದಲೇ ಎಡಗಿವಿಯ ನರ ಹೋಗಿರಬೇಕು, ಔಷಧಿಗೆ ವಾಪಸು ಬರುವುದಿಲ್ಲ, ಇನ್ನೊಂದನ್ನು ಜೋಪಾನ ಮಾಡಿ, ರಸ್ತೆಯಲ್ಲಿ ಗಾಡಿ ಓಡಿಸುವಾಗ ಹಿಂದಿನ ಲಾರಿ ಯಾವ ಕಡೆಯಿಂದ ಬಂತು ಅಂತ ಕಿವಿಯನ್ನು ನಂಬಬೇಡ, ಕನ್ನಡಿ ನೋಡು ಅಂದರು. ಮಹೇಶ ಕಾರಿನಲ್ಲಿ ವಾಪಸು ಬರುವಾಗ ಒಂದೇ ಮಾತಾಡಿದ್ದು, ಆ ಕಾರ್ಡು ಹಾಗಾದರೆ ಸುಮ್ಮನೆ ಆಯಿತಲ್ಲ ಅಂತ. ಅವನಿಗೆ ದುಃಖ ಹೇಳಲು ಬೇರೆ ಮಾತು ಗೊತ್ತಿಲ್ಲ. ಶಿವಣ್ಣನಿಗೆ ಫೋನು ಮಾಡಿ ನಿಜ ಹೇಳಿದ. ಅವನು ಕಾರ್ಡು ವಾಪಸು ತಗೊಳ್ಳುತ್ತೇನೆ ಅಂದನಂತೆ. ಜತೆಗೆ ಇನ್ನೊಂದು ದಾರಿ ಹೇಳಿದ. ಕಂಪ್ಯೂಟರಿನಲ್ಲಿ ಮೋನೋ ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಎರಡು ಕಡೆಯ ಸದ್ದೂ ಸೇರಿಕೊಂಡು ಒಂದೊಂದು ಕಿವಿಗೂ ಬರುತ್ತದೆ. ಎಡಗಡೆಯ ಹೆಜ್ಜೆಯೂ ಬಲಗಿವಿಗೆ ಕೇಳುತ್ತದೆ. ಆದರೆ ಯಾವ ಕಡೆಯದು ಅಂತ ಮಾತ್ರ ತಿಳಿಯುವುದಿಲ್ಲ. ಅದು ಬೋರ್ಡಿನ ಸೌಂಡಿನಲ್ಲೂ ಆಗುತ್ತದೆ, ಕಾರ್ಡು ಬೇಕಿಲ್ಲ.

ಅಂದರೆ ಯಾವ ಕಡೆ ಅನ್ನುವುದನ್ನು ಬೇರೆ ಯಾರಾದರೂ ಹೇಳಬೇಕು. ಹೇಳಬೇಕು ಅಂದರೆ ಅವರಿಗೆ ಗೊತ್ತಿರಬೇಕು. ಸಿಂಚನ ಒಂದು ವಾರ ಆಟದ ಕಡೆ ಹೋಗಲಿಲ್ಲ. ತಂಡದವರು ಫೋನು ಮಾಡಿದರೆ ಜ್ವರ ಅಂದಳು. ಮೈಸೂರಿಗೆ ಹೆಸರು ಕೊಡುವ ದಿನ ಹತ್ತಿರ ಬಂತು. ತಂಡದವರಿಗೆ ಹೇಳು ಅಂತಲೂ ಬೇಡ ಅಂತಲೂ ನಾನು ಅನ್ನಲಿಲ್ಲ. ಹೇಳುವುದನ್ನು ಹೇಳಿಯಾಗಿತ್ತು, ಎರಡನೇ ಸಲ ಹೇಳುವ ಅಭ್ಯಾಸ ನನಗಿಲ್ಲ. ಮಂಜುಳ ದಿನಾ ಅವಳ ಕೋಣೆಯ ಮುಂದೆ ಹಾದುಹೋಗಿ ಬಾಗಿಲು ನೋಡುತ್ತಿದ್ದಳು.

ಆ ಶನಿವಾರ ಕಾಲೇಜಿನಿಂದ ಬಂದವಳು ಬಟ್ಟೆಯೂ ಬದಲಾಯಿಸದೆ ಕಂಪ್ಯೂಟರ್ ಮುಂದೆ ಕೂತಳು. ನಾನು ಕಿಟಕಿ ಹತ್ತಿರ ಕಾಲು ಚಾಚಿಕೊಂಡಿದ್ದೆ. ಮಂಜುಳ ಒಗೆದ ಬಟ್ಟೆ ಮಡಚುವ ನೆಪದಲ್ಲಿ ಒಳಗೆ ಬಂದಳು. ಸಿಂಚನ ಹೆಡ್‌ಫೋನು ಹಾಕಿಕೊಂಡಳು, ಮೈಕನ್ನು ಬಾಯಿಯ ಹತ್ತಿರ ಎಳೆದಳು, ಮತ್ತೆ ದೂರ ಸರಿಸಿದಳು, ಮತ್ತೆ ಎಳೆದಳು.

"ಒಂದು ವಿಷಯ ಹೇಳ್ಬೇಕಿತ್ತು. ನಂಗೆ ಎಡಗಡೆದು ಕೇಳಲ್ಲ. ಇಲ್ಲ, ನೆಟ್ ಅಲ್ಲ. ಕಾರ್ಡೂ ಅಲ್ಲ. ಕಿವಿ. ನನ್ ಕಿವಿ."

ಮಂಜುಳ ಮಡಚಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಆ ಕಡೆಯವರು ಏನಂದರೋ ನಮಗೆ ಕೇಳಲಿಲ್ಲ. ಅವರ ಮಾತೆಲ್ಲ ಹೆಡ್‌ಫೋನಿನೊಳಗೆ ಇತ್ತು. ಎರಡು ಕಿವಿಯೂ ನೆಟ್ಟಗಿರುವ ನಾವಿಬ್ಬರು ಕೂತು ಅವಳ ಮುಖ ನೋಡಿದೆವು. ಮುಖದಿಂದ ಏನೂ ತಿಳಿಯಲಿಲ್ಲ. ಬಹಳ ಹೊತ್ತು ಕೇಳಿಸಿಕೊಂಡಳು. ನಡುವೆ ಒಮ್ಮೆ ಚಿಕ್ಕಂದಿನಿಂದ ಅಂದಳು, ಒಮ್ಮೆ ಇಲ್ಲ, ಸರಿ ಹೋಗಲ್ಲ ಅಂದಳು. ಆಮೇಲೆ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ನಮ್ಮ ಕಡೆ ತಿರುಗಿದಳು.

"ಏನಂತಾರೆ?" ಅಂದಳು ಮಂಜುಳ.

"ಬತ್ತೇರಿಯವಳು ಬೈದ್ಲು. ಮೊದ್ಲೇ ಹೇಳೋಕೆ ಏನಾಗಿತ್ತು, ಇಷ್ಟು ದಿನ ನಿನ್ನ ಬೈದಿದ್ದೆಲ್ಲ ವೇಸ್ಟ್ ಆಯ್ತು ಅಂತ. ಯಾವ ಕಡೆ ಅಂತ ಅವಳು ಕೂಗ್ತಾಳಂತೆ. ಹೆಸರು ತೆಗಿಯಲ್ಲ. ಇವತ್ತು ಆಡಿ ನೋಡೋಣ ಅಂದ್ರು."

ಮತ್ತೆ ಹಾಕಿಕೊಂಡು ಆಡಲು ಕೂತಳು. ಮಂಜುಳ ಬಟ್ಟೆಯ ರಾಶಿ ಬಿಟ್ಟು ಅಲ್ಲೇ ಮಂಚದ ತುದಿಯಲ್ಲಿ ಕೂತಳು, ಆಟ ಒಂದಿಷ್ಟೂ ಅರ್ಥವಾಗದಿದ್ದರೂ ಪರದೆಯನ್ನೇ ನೋಡುತ್ತಿದ್ದಳು. ಸಿಂಚನ ಹ್ಞೂಂ, ಹ್ಞೂಂ ಅನ್ನುತ್ತಿದ್ದಳು, ಅಲ್ಲಿಂದ ಯಾರೋ ಹೇಳಿದ ಕಡೆಗೆ ಪರದೆ ತಿರುಗುತ್ತಿತ್ತು. ಮೊದಲಿಗಿಂತ ಬಹಳ ಹೊತ್ತು ಆಡಿದಳು. ಕೊನೆಗೆ ಪರದೆ ಕೆಂಪಾಯಿತು. ಸತ್ತೆಯಾ ಅಂದೆ.

"ಸತ್ತೆ," ಅಂದಳು. "ಆದ್ರೆ ಎಡಗಡೆಯಿಂದಲ್ಲ ಅಜ್ಜಿ. ಎದುರಿಂದ ಬಂದು ಹೊಡ್ದ. ಬರೋದ್ ಕಂಡಿತ್ತು ನಂಗೆ."